ಪಿಸ್ತೂಲಿಗೆ ಮೂರು ಕೊಟೇಷನ್

ಸರ್ಕಾರಿ ಉಗ್ರಾಣದಲ್ಲಿ ಗುಮಾಸ್ತನಾಗಿ ತಲೆ ನೆರೆಸಿಕೊಂಡವನಿಗೆ ಒಂದು ಕಾಯಿಲೆ ಅಂಟಿಕೊಂಡುಬಿಡುತ್ತದೆ. ಮೂರು ಕೊಟೇಷನ್ ಇಲ್ಲದೆ ಅವನು ಒಂದು ಕಸಪೊರಕೆಯನ್ನೂ ಕೊಳ್ಳಲಾರ. ನಿವೃತ್ತನಾಗಿ ಶಿವನಸಮುದ್ರದ ಮಗ್ಗುಲ ನಮ್ಮೂರಿಗೆ ಬಂದು, ಅಪ್ಪ ಬಿಟ್ಟುಹೋದ ಕಬ್ಬಿನ ಗದ್ದೆಯ ಮೇಲೆ ಯಜಮಾನಿಕೆ ಶುರುಮಾಡಿದ ಮೇಲೂ ನನಗದು ವಾಸಿಯಾಗಲಿಲ್ಲ. ಪಂಪ್‌ಸೆಟ್ಟಿಗೆ ಮೂರು ಕೊಟೇಷನ್, ಮಗಳ ಮದುವೆಯ ಅಡುಗೆಯವರಿಗೆ ಮೂರು ಕೊಟೇಷನ್, ಕೊನೆಗೆ ಅವ್ವನ ಹಲ್ಲಿನ ಸೆಟ್ಟಿಗೂ ಮೂರು. ಆ ಫೈಲು ಮುಗಿಯುವ ತನಕ ಅವ್ವ ಬೊಚ್ಚುಬಾಯಲ್ಲೇ ಇದ್ದಳು. ಮುದ್ದೆಯನ್ನು ಹೇಗೂ ಅಗಿಯುವಂತಿಲ್ಲವಾದ್ದರಿಂದ ಬಡಕಲಾಗಲಿಲ್ಲ, ಅಷ್ಟೇ.

ಇಂಥವನ ತಲೆಗೆ ಪಿಸ್ತೂಲಿನ ಹುಳ ಹೊಕ್ಕಿತು.

ಊರಿಗೆ ಹೇಳಿಕೊಳ್ಳಲು ಕಾರಣವೇನೋ ಇತ್ತು. ನಮ್ಮ ಕಡೆ ಕಬ್ಬು ಆಳುದ್ದ ಬೆಳೆಯಿತೆಂದರೆ ಅದರೊಳಗೆ ಯಾರು ಸಂಸಾರ ಹೂಡಿದ್ದಾರೆಂದು ಜಮೀನಿನ ಯಜಮಾನನಿಗೇ ಗೊತ್ತಿರುವುದಿಲ್ಲ. ಹಂದಿ ಹಿಂಡಿರಬಹುದು, ಚಿರತೆ ಮರಿ ಹಾಕಿರಬಹುದು. ಮುತ್ತತ್ತಿ ಕಾಡಿನ ಆನೆಗಳಿಗೆ ಹಲಗೂರು ಕಡೆಯ ಗದ್ದೆಗಳ ದಾರಿ ಬಾಯಿಪಾಠ. ‘ರಾತ್ರಿ ನೀರು ಕಟ್ಟಲು ಹೋಗುವವನ ಕೈಯಲ್ಲಿ ಏನಾದರೂ ಇರಬೇಕು’ ಎಂದು ಅರಳೀಕಟ್ಟೆಯಲ್ಲಿ ಘೋಷಿಸಿದೆ. ನಾನು ರಾತ್ರಿ ನೀರು ಕಟ್ಟಲು ಹೋಗುವುದಿಲ್ಲ, ಆಳು ಹೋಗುತ್ತಾನೆ ಎಂಬುದನ್ನು ಯಾರೂ ಎತ್ತಲಿಲ್ಲ. ಒಳ್ಳೆಯ ಜನ.

ಹೇಳದೆ ಬಚ್ಚಿಟ್ಟ ಕಾರಣ ಹುಟ್ಟಿದ್ದು ಮಳವಳ್ಳಿಯ ಒಂದು ಮದುವೆ ಛತ್ರದಲ್ಲಿ. ಮೊದಲ ಪಂಕ್ತಿಗೆ ನೂಕುನುಗ್ಗಲು. ಕರ್ಚೀಫು ಹಾಕಿ ಜಾಗ ಹಿಡಿದು ಕೂತಿದ್ದೆ. ಸೊಂಟದ ಬೆಲ್ಟಿಗೆ ಚರ್ಮದ ಪೌಚು ಸಿಕ್ಕಿಸಿಕೊಂಡ ಯಜಮಾನರೊಬ್ಬರು ಬಂದರು. ಬಾಯಿ ಬಿಡಲಿಲ್ಲ, ಜುಬ್ಬದ ಅಂಚನ್ನು ನಾಲ್ಕು ಬೆರಳು ಮೇಲಕ್ಕೆ ಸರಿಸಿದರು. ‘ಬನ್ನಿ ಬುದ್ಧಿ, ಬನ್ನಿ’ ಎನ್ನುತ್ತ ಅರ್ಧ ಸಾಲು ಎದ್ದು ನಿಂತಿತು. ಆ ಅರ್ಧ ಸಾಲಿನಲ್ಲಿ ನಾನೂ ಇದ್ದೆ. ಅವರ ಎಲೆಗೆ ಎರಡು ಒಬ್ಬಟ್ಟು, ಮೇಲೆ ಮಿಳ್ಳೆತುಪ್ಪ. ಮೂರನೆಯ ಪಂಕ್ತಿಯಲ್ಲಿ ನನ್ನ ಎಲೆಗೆ ಒಬ್ಬಟ್ಟಿನ ಸಾರು ಮಾತ್ರ ಬಂತು.

ಮನೆಗೆ ಬಂದು ಮೊಬೈಲು ತೆಗೆದೆ. ಪಿಸ್ತೂಲಿನ ಒಂದು ವಿಡಿಯೊ ನೋಡಿದರೆ ಅದು ಹಿಂದೆಯೇ ಇಪ್ಪತ್ತನ್ನು ಎಳೆದು ತರುತ್ತದೆ. ಕೆಲವೇ ರಾತ್ರಿಗಳಲ್ಲಿ ನಾನು ತಜ್ಞನಾದೆ. ಉಗ್ರಾಣದ ಪದ್ಧತಿಯಂತೆ ಉದ್ದನೆಯ ಹಾಳೆಗೆ ಗೆರೆ ಹೊಡೆದು ತುಲನಾತ್ಮಕ ಪಟ್ಟಿ ಎಬ್ಬಿಸಿದೆ. ಮೊದಲ ಕಲಂ ಗ್ಲಾಕ್. ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಎಂಬಾತ ಮೊದಲು ಪರದೆ ಕಟ್ಟುವ ಕಂಬಿ ಮಾಡುತ್ತಿದ್ದವನು. 1982ರಲ್ಲಿ ಅವನ ಪ್ಲಾಸ್ಟಿಕ್ ಮೈಯ ಪಿಸ್ತೂಲನ್ನು ಆ ದೇಶದ ಸೈನ್ಯವೇ ಒಪ್ಪಿಕೊಂಡಿತು. ಎರಡನೆಯ ಕಲಂ ಇಟಲಿಯ ಬೆರೆಟ್ಟಾ. ಬಾಬರ್ ಪಾಣಿಪತ್‌ನಲ್ಲಿ ಕಾದಾಡಿದ 1526ರಲ್ಲೇ ಈ ಮನೆತನ ವೆನಿಸ್ಸಿಗೆ ಕೋವಿಯ ನಳಿಗೆ ಮಾರಿದ ದಾಖಲೆಯಿದೆ. ಅನುಭವದ ಕಲಮಿನಲ್ಲಿ ಬೆರೆಟ್ಟಾಗೆ ಪೂರ್ಣ ಅಂಕ ಕೊಟ್ಟೆ.

ಪಟ್ಟಿಯನ್ನು ಅವ್ವನಿಗೆ ಓದಿ ಹೇಳಿದ್ದು ಅನಾಹುತವಾಯಿತು. ನಮ್ಮ ತಾತ 1938ರಲ್ಲಿ ಮದ್ದೂರಿನ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಬರಿಗಾಲಲ್ಲಿ ನಡೆದುಹೋಗಿದ್ದವರು. ಅವರ ಫೋಟೊದ ಪಕ್ಕದಲ್ಲೇ ಮನೆಯಲ್ಲಿ ಗಾಂಧೀಜಿಯ ಫೋಟೊ.

“ಗಾಂದಿ ತಾತುಂಗೆ ಒಡೆದಿದ್ದು ಯಾವ್ ಕಂಪ್ನಿದ್ಲಾ?” ಅಂದಳು.

ತಜ್ಞ ನಾನು, ಸುಳ್ಳು ಹೇಳುವ ಹಾಗಿರಲಿಲ್ಲ. “ಬೆರೆಟ್ಟಾ ಕಣವ್ವ. 1934ರ ಮಾಡೆಲ್ಲು.”

“ಆ ಮನೆಹಾಳ ಕಂಪ್ನಿ ನಮ್ ವಸ್ಲು ತುಳೀಕೂಡ್ದು.”

ಎರಡನೆಯ ಕಲಮಿಗೆ ಕೆಂಪು ಶಾಯಿಯಲ್ಲಿ ಗೀಟು ಬಿತ್ತು. ಷರಾ: ‘ಕೌಟುಂಬಿಕ ಕಾರಣ’.

ಗ್ಲಾಕ್‌ಗೆ ಗೀಟು ಎಳೆದವರು ಬೆಂಗಳೂರಿನ ಬಂದೂಕಿನ ಅಂಗಡಿಯವರು. ಕನ್ನಡಕದ ಮೇಲಿನಿಂದ ನನ್ನ ಪಟ್ಟಿ ನೋಡಿದರು, ಆಮೇಲೆ ಕನ್ನಡಕದ ಒಳಗಿನಿಂದ ನನ್ನನ್ನು ನೋಡಿದರು. “ಸ್ವಾಮಿ, ಇದು 9 ಎಂ.ಎಂ. ನಮ್ಮ ದೇಶದಲ್ಲಿ ಅದು ನಿಷೇಧಿತ ಬೋರು, ಪೊಲೀಸರಿಗೆ, ಮಿಲಿಟರಿಗೆ ಸರಿ. ನಿಮ್ಮಂಥವರಿಗೆ .32. ಇನ್ನು ಫಾರಿನ್ ಮಾಲು ಬರೋದು ಎಂಬತ್ತರ ದಶಕದಲ್ಲೇ ನಿಂತುಹೋಯಿತು. ಅದಕ್ಕೂ ಮುಂಚೆ ಬಂದದ್ದು ಲೈಸೆನ್ಸ್‌ದಾರರಿಂದ ಲೈಸೆನ್ಸ್‌ದಾರರಿಗೆ ಕೈ ಬದಲಾಗ್ತಾ ಇದೆ. ಹಳೇ ವೆಬ್ಲಿ, ಹಳೇ ವಾಲ್ಥರ್ ಸಿಕ್ಕರೆ ಲಕ್ಷಗಳ ಮಾತು. ಅಂದಹಾಗೆ ನಿಮ್ಮ ಲೈಸೆನ್ಸ್ ಎಲ್ಲಿ?”

“ಮೊದಲು ಕೊಟೇಷನ್, ಆಮೇಲೆ ಲೈಸೆನ್ಸ್” ಎಂದೆ. ಅವರು ಅಂಗಡಿಯ ಹುಡುಗನಿಗೆ ನನಗೆ ನೀರು ಕೊಡಲು ಹೇಳಿದರು.

.32 ಎಂದರೆ ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ ಎಂದು ಬಸ್ಸಿನಲ್ಲಿ ಓದಿಕೊಂಡೆ. ಅಮೆರಿಕದ ಜಾನ್ ಬ್ರೌನಿಂಗ್ 1900ಕ್ಕೆ ಮುಂಚೆಯೇ ರೂಪಿಸಿದ ತೋಟಾ ಅದು. ಯುರೋಪಿನಲ್ಲಿ ಅದಕ್ಕೆ 7.65 ಎಂ.ಎಂ. ಎಂದು ಹೆಸರು. ಜೇಮ್ಸ್ ಬಾಂಡ್ ಕೋಟಿನೊಳಗಿನ ವಾಲ್ಥರ್ ಪಿ.ಪಿ.ಕೆ. ಕೂಡ ಅದೇ ಅಳತೆಯದು. 1968ರಲ್ಲಿ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಕನ್ನಡಕ್ಕೆ ಬಾಂಡ್‌ನನ್ನು ತಂದಾಗ ನಾನು ಚಡ್ಡಿ ಹುಡುಗ, ಟೂರಿಂಗ್ ಟಾಕೀಸಿನ ಮರಳಿನಲ್ಲಿ ಕೂತು ಎರಡು ಬೆರಳಲ್ಲಿ ಗುಂಡು ಹಾರಿಸಿದ್ದೆ. ಬಸ್ಸು ಮದ್ದೂರಿನಲ್ಲಿ ನಿಂತಾಗ ಆ ಸಂಭ್ರಮಕ್ಕೆ ಎರಡು ವಡೆ ತಿಂದೆ.

ಹೊಸ ಪಟ್ಟಿ ಎದ್ದಿತು. ಈ ಸಲ ಕಣದಲ್ಲಿದ್ದವರು ಇಶಾಪುರದ ರೈಫಲ್ ಕಾರ್ಖಾನೆಯ ‘ಅಶನಿ’, ಕಾಸಿಪುರದ ಗನ್ ಅಂಡ್ ಶೆಲ್ ಕಾರ್ಖಾನೆಯ .32, ಮತ್ತು ಯಾರದೋ ಕೈಯಿಂದ ಬರಬೇಕಾದ ಬರ್ಮಿಂಗ್‌ಹ್ಯಾಮಿನ ಹಳೆಯ ವೆಬ್ಲಿ. ವೆಬ್ಲಿಯನ್ನು ಒಂದು ಕಾಲದಲ್ಲಿ ಲಂಡನ್ನಿನ ಪೊಲೀಸರು ಇಟ್ಟುಕೊಳ್ಳುತ್ತಿದ್ದರು, ಅದರ ಗತ್ತೇ ಬೇರೆ. ಆದರೆ ಒಂದು ಸ್ಪ್ರಿಂಗು ಮುರಿದರೆ ಇನ್ನೊಂದಕ್ಕೆ ಯಾವ ದೇವರಿಗೆ ಹರಕೆ ಹೊರುವುದು? ಉಳಿದವು ಇಶಾಪುರ, ಕಾಸಿಪುರ. ವಾರಗಟ್ಟಲೆ ತೂಗಿದೆ. ಇಶಾಪುರದ ಹಿಡಿಕೆ, ಕಾಸಿಪುರದ ಕಪ್ಪು ಬಣ್ಣ, ಇದರ ಸೇಫ್ಟಿ, ಅದರ ಗುರಿಕಣ್ಣು. ರಾತ್ರಿ ಎದ್ದು ಕೂತು ಒಂದು ಅಂಕ ಇಲ್ಲಿಂದ ತೆಗೆದು ಅಲ್ಲಿಗೆ ಹಾಕುತ್ತಿದ್ದೆ. ಕೊನೆಗೆ ತಯಾರಕರ ವಿಳಾಸದ ಕಲಂ ತುಂಬಲು ಹೋದಾಗ ಗೊತ್ತಾಯಿತು: ಎರಡೂ ಕಾರ್ಖಾನೆ ಕೋಲ್ಕತ್ತಾದ ಆಸುಪಾಸಿನವೇ, ಎರಡೂ ಸರ್ಕಾರದವೇ. ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಒಡೆದು 2021ರ ಅಕ್ಟೋಬರ್ 1ರಿಂದ ಏಳು ಕಂಪನಿ ಮಾಡಿದಾಗ, ಕಾನ್ಪುರದಲ್ಲಿ ಪ್ರಧಾನ ಕಚೇರಿಯಿರುವ ಒಂದೇ ಕಂಪನಿಯ ಮಡಿಲಿಗೆ ಎರಡೂ ಬಿದ್ದವು. ಒಂದೇ ತಾಯಿಯ ಮಕ್ಕಳಲ್ಲಿ ಯಾರು ಹೆಚ್ಚು ಎಂದು ನಾನು ಕಣ್ಣುಬೇನೆ ಬರಿಸಿಕೊಂಡಿದ್ದೆ. ಉಗ್ರಾಣದ ಭಾಷೆಯಲ್ಲಿ ಇದಕ್ಕೆ ‘ಒಂದೇ ಪಾರ್ಟಿಯ ಎರಡು ಲೆಟರ್‌ಹೆಡ್’ ಎನ್ನುತ್ತೇವೆ. ಆಡಿಟ್‌ನವರು ಇಂಥ ಫೈಲನ್ನು ಮುಖಕ್ಕೆ ಎಸೆಯುತ್ತಾರೆ.

ಕೆಳಗೆ ತೆರಿಗೆಯ ಸಾಲು. 2025ರ ಸೆಪ್ಟೆಂಬರ್‌ನಲ್ಲಿ ಜಿ.ಎಸ್.ಟಿ. ದರ ಬದಲಾದಾಗ ಪಿಸ್ತೂಲು, ರಿವಾಲ್ವರುಗಳು ನೂರಕ್ಕೆ 40ರ ಪಂಕ್ತಿಗೆ ಹೋದವು. ಅದೇ ಪಂಕ್ತಿಯಲ್ಲಿ ಹೊಗೆ ಸೇದುವ ಪೈಪು, ಶೋಕಿಯ ದೋಣಿಗಳೂ ಕೂತಿವೆ. ಆ ಸಾಲನ್ನು ಮಾತ್ರ ಮನೆಯವಳಿಗೆ ಕಾಣದಂತೆ ಪೆನ್ಸಿಲಿನಲ್ಲಿ ಬರೆದೆ.

ಕಂಡಿತು. “ಏನ್ರೀ ಇದು ಹುಚ್ಚು?” ಎಂದಳು.

“ಹುಚ್ಚಲ್ಲ ಕಣೆ, ಇದು ಈ ನೆಲದ ಗುಣ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಜಾಲಿ ದ ಲೋಟ್ಬಿನಿಯೇರ್ ಅನ್ನೋ ಎಂಜಿನಿಯರ್ ಸಾಹೇಬ ಯುರೋಪು, ಅಮೆರಿಕ ಎಲ್ಲಾ ಸುತ್ತಿ, ಹತ್ತು ಕಂಪ್ನಿ ನೋಡಿ, ಟರ್ಬೈನಿಗೆ ಸ್ವಿಟ್ಜರ್ಲೆಂಡಿನ ಎಷರ್ ವಿಸ್, ಕರೆಂಟಿನ ಮಿಷನ್ನಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಅಂತ ಆರಿಸಿದ. ಅದಕ್ಕೇ 1902ರಲ್ಲಿ ನಮ್ಮ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು.”

“ಅವ್ರು ಗಣಿಗೆ ಕರೆಂಟು ಕೊಟ್ರು. ನೀವು ಹಟ್ಟಿ ಬಲ್ಬು ಬದ್ಲಾಯ್ಸಿ ಮೊದ್ಲು. ಅದುಕ್ಕೂ ಮೂರು ಕೊಟೇಷನ್ ತರ್ಸಿ ಫೈಲಲ್ಲಿ ಇಟ್ಟಿದೀರಿ.”

ಅರ್ಜಿ ಹಾಕಲು ತರಬೇತಿಯ ಪ್ರಮಾಣಪತ್ರ ಬೇಕು ಎಂದು 2016ರ ಆಯುಧ ನಿಯಮಗಳು ಹೇಳುತ್ತವೆ. ಒಂದು ರೈಫಲ್ ಕ್ಲಬ್ಬಿಗೆ ಸೇರಿಕೊಂಡೆ. ಕಲಿಸುವವಳು ನನ್ನ ಮಗಳಿಗಿಂತ ಚಿಕ್ಕವಳು. ವಿಡಿಯೊ ನೋಡಿ ಕಲಿತದ್ದನ್ನೆಲ್ಲ ಅವಳಿಗೆ ಹೇಳಿದೆ. ತಾಳ್ಮೆಯಿಂದ ಕೇಳಿ, ಖಾಲಿ ಪಿಸ್ತೂಲೊಂದನ್ನು ಕೈಗಿಟ್ಟು “ಸ್ಲೈಡ್ ಎಳೀರಿ ಅಂಕಲ್” ಎಂದಳು. ಸ್ಲೈಡು ಎಂದರೆ ಪಿಸ್ತೂಲಿನ ಮೇಲ್ಭಾಗದ ಉಕ್ಕಿನ ಹೊದಿಕೆ. ಅದನ್ನು ಹಿಂದಕ್ಕೆ ಎಳೆದು ಬಿಟ್ಟರೆ ಮೊದಲ ತೋಟಾ ನಳಿಗೆಗೆ ಹೋಗುತ್ತದೆ. ಆಮೇಲೆ ನಮ್ಮ ಕೆಲಸವಿಲ್ಲ. ಒಂದು ಗುಂಡು ಹಾರಿದಾಗಿನ ಹಿನ್ನೊದೆತಕ್ಕೆ ಸ್ಲೈಡು ತಾನೇ ಹಿಂದೆ ಬಂದು ಖಾಲಿ ಕೊಳವೆಯನ್ನು ಆಚೆ ಎಸೆಯುತ್ತದೆ, ಸ್ಪ್ರಿಂಗಿನ ಬಲಕ್ಕೆ ಮುಂದೆ ಹೋಗುತ್ತ ಹಿಡಿಕೆಯೊಳಗಿನ ಮ್ಯಾಗಜೀನಿನಿಂದ ಇನ್ನೊಂದನ್ನು ತಳ್ಳಿಕೊಂಡು ಹೋಗುತ್ತದೆ; ಗಾಣಕ್ಕೆ ಜಲ್ಲೆ ಕೊಟ್ಟ ಹಾಗೆ, ಒಂದು ಕಡೆ ಸಿಪ್ಪೆ ಬೀಳುತ್ತಿದ್ದರೆ ಇನ್ನೊಂದು ಕಡೆ ಹೊಸದು ಒಳಗೆ. ಕುದುರೆಯನ್ನು ಮಾತ್ರ ಪ್ರತಿ ಗುಂಡಿಗೂ ಬೇರೆಯಾಗಿ ಎಳೆಯಬೇಕು, ಅದಕ್ಕೇ ಅದು ಅರೆ ಸ್ವಯಂಚಾಲಿತ. ರಿವಾಲ್ವರಿನಲ್ಲಾದರೆ ಇಷ್ಟು ಗೋಜಿಲ್ಲ, ಗಾಲಿ ತಿರುಗುತ್ತದೆ, ಅಷ್ಟೇ.

ಇದೆಲ್ಲ ನನಗೆ ಬಾಯಿಪಾಠವಿತ್ತು. ಸ್ಲೈಡು ಬರಲಿಲ್ಲ. ಜೀವಮಾನವೆಲ್ಲ ರಬ್ಬರ್ ಸ್ಟಾಂಪು ಒತ್ತಿದ ಬೆರಳುಗಳು. ಪಂಚೆ ಎತ್ತಿ ಕಟ್ಟಿ, ಹಲ್ಲು ಕಚ್ಚಿ, ಹೊಟ್ಟೆಗೆ ಆನಿಸಿಕೊಂಡು ಎಳೆಯಲು ಹೋದೆ. “ಅಂಕಲ್, ನಿಮ್ಮ ಹೊಟ್ಟೆ ಕಡೆಗಲ್ಲ, ಯಾರ ಕಡೆಗೂ ಅಲ್ಲ, ಮುಂದಕ್ಕೆ!” ಎಂದು ಅವಳು ಕೂಗಿದಳು. ಅಂತೂ ಬಂತು. ಗುಂಡು ಹಾಕಿ ಹೊಡೆಯುವ ಹೊತ್ತಿಗೆ, ಸಿನಿಮಾದಲ್ಲಿ ನೋಡಿದಂತೆ ಎಡಗೈ ಹೆಬ್ಬೆರಳನ್ನು ಬಲಗೈಯ ಹಿಂದೆ ಅಡ್ಡ ಇಟ್ಟಿದ್ದೆ. ಸ್ಲೈಡು ಹಿಂದೆ ಬಂತಲ್ಲ, ಹೆಬ್ಬೆರಳ ಬುಡದ ಮಾಂಸದಲ್ಲಿ ಎರಡು ಸಮಾನಾಂತರ ಗೆರೆ ಕೊರೆದು ಹೋಯಿತು. ಅವಳು ಅರಿಸಿನದ ಬಣ್ಣದ ಮುಲಾಮು ಹಚ್ಚಿದಳು. ಗುಂಡು ಪಕ್ಕದವರ ಗುರಿಹಲಗೆಗೆ ಬಿದ್ದಿತ್ತು, ಅದೂ ನಡುಮಧ್ಯಕ್ಕೆ. ಅವರು ಅದನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು.

ಪ್ರಮಾಣಪತ್ರ ಸಿಕ್ಕಿತು. ಈಗ ಕಾರಣ ಬೇಕು. ಹಂದಿ ಕಾಟವೆಂದು ಬರೆದದ್ದನ್ನು ನೋಡಿ ಕಚೇರಿಯ ಗುಮಾಸ್ತರು, ನಮ್ಮ ಕುಲಬಾಂಧವರಾದ್ದರಿಂದ ಪ್ರೀತಿಯಿಂದಲೇ, 1959ರ ಆಯುಧ ಕಾಯ್ದೆಯ 13ನೇ ಪ್ರಕರಣ ತೆಗೆದು ತೋರಿಸಿದರು. ಬೆಳೆ ಕಾಯಲು ಕಾಯ್ದೆ ಹೇಳುವುದು ಮದ್ದು ತುಂಬಿ ಬಾಯಿಂದ ಗಜ ಹೊಡೆಯುವ ಹಳೇ ಕೋವಿ. ಆತ್ಮರಕ್ಷಣೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬಂದೂಕು. “ಪಿಸ್ತೂಲೇ ಬೇಕು ಅಂದ್ರೆ ಜೀವಭಯ ಬೇಕು ಸಾರ್. ಯಾರಿಂದ ಅಂತ ಬರೀಲಿ?” ಕೊಡಗಿನಲ್ಲಿ ಕೊಡವನಾಗಿ ಹುಟ್ಟಿದ್ದರೆ ಕೋವಿಗೆ ಲೈಸೆನ್ಸಿನ ವಿನಾಯಿತಿಯಾದರೂ ಇರುತ್ತಿತ್ತು, ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂ ಮುಡಿಸಿ ಪೂಜೆ ಮಾಡುತ್ತಿದ್ದೆ. ಮಂಡ್ಯದವನಿಗೆ ಶತ್ರುವೇ ಗತಿ.

ಯೋಚಿಸಿದರೆ ನನಗಿದ್ದದ್ದು ಒಬ್ಬನೇ ಶತ್ರು, ಚಿಕ್ಕಪ್ಪನ ಮಗ. ಗದ್ದೆ ಬದುವಿನ ವ್ಯಾಜ್ಯ ಕೋರ್ಟಿನಲ್ಲಿತ್ತು. ಮಾತು ಬಿಟ್ಟು ಎಷ್ಟೋ ಕಾಲವಾಗಿದ್ದರೂ ನಾಚಿಕೆ ಬಿಟ್ಟು ಅವನ ಜಗಲಿಗೆ ಹೋದೆ.

“ಲೋ, ಒಂದ್ ಉಪ್ಕಾರ ಆಗ್ಬೇಕಲ್ಲ. ನನ್ನ ಸಾಯಿಸ್ತೀನಿ ಅಂತ ಒಂದು ಕಾಗ್ದ ಬರ್ಕೊಡ್ಲಾ.”

ಅವನು ಬೀಡಿ ಕೆಳಗಿಟ್ಟ. “ಅಣ್ಣೋ, ಬದ ಕೇಸ್ಗೇ ಲಾಯ್ರಿಗೆ ಸುರ್ದೂ ಸುರ್ದೂ ಸಾಕಾಗದೆ. ಇನ್ನ ಇದೊಂದು ಕ್ರಿಮಿನಲ್ ಕೇಸು ಎಲ್ಲಿ ತಡ್ಕಳ್ಲಿ? ತಗೋ, ಬದ ನೀನೇ ಮಡಿಕ. ನಂಗೇನೂ ಬ್ಯಾಡ.”

ಅವನ ಹೆಂಡತಿ ಕಾಫಿ ತಂದಳು. ಇದ್ದ ಒಬ್ಬ ಶತ್ರುವೂ ಆ ಲೋಟದಲ್ಲಿ ಕರಗಿಹೋದ. ಅರ್ಜಿಯಲ್ಲಿ ‘ವನ್ಯಮೃಗ ಹಾಗೂ ಅಪರಿಚಿತ ವ್ಯಕ್ತಿಗಳಿಂದ’ ಎಂದು ಬರೆಸಿ ಕೊಟ್ಟುಬಂದೆ. ಅದು ಹೋಗಬೇಕಾದ ದಾರಿ ಹಿಡಿದು, ಪರಿಶೀಲನೆಗೆಂದು ನಮ್ಮ ಠಾಣೆಗೇ ಇಳಿಯಿತು.

ಇಷ್ಟಕ್ಕೆ ಸುಮ್ಮನಿರಬಹುದಾಗಿತ್ತು. ಆದರೆ ಪಟ್ಟಿಯಲ್ಲಿ ‘ಕೈಗೆ ಒಗ್ಗುವಿಕೆ’ ಎಂಬ ಕಲಂ ಖಾಲಿಯಿತ್ತು, ಖಾಲಿ ಕಲಂ ನೋಡಿಕೊಂಡು ನನಗೆ ನಿದ್ದೆ ಬರುವುದಿಲ್ಲ. ಜಾತ್ರೆಯಲ್ಲಿ ತಂಗಿಯ ಮೊಮ್ಮಗ ಹಟಮಾಡಿ ಕೊಂಡು, ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದ ಕೇಪಿನ ಪಿಸ್ತೂಲು ಅಟ್ಟದಲ್ಲಿತ್ತು. ತೆಗೆದು, ಕಪ್ಪು ಪೇಂಟು ಹೊಡೆದು, ನಿಜದ ತೂಕ ಬರಲೆಂದು ಹಿಡಿಕೆಯೊಳಗೆ ಬೋಲ್ಟು, ನಟ್ಟು ತುಂಬಿದೆ. ಹೆಬ್ಬೆರಳಿಗೆ ಒಗ್ಗಲೆಂದು ಹೋದಲ್ಲೆಲ್ಲ ಜೊತೆಗೆ ಒಯ್ಯುತ್ತಿದ್ದೆ.

ಒಂದು ಭಾನುವಾರ ಬೆಂಗಳೂರಿನ ಬೀಗರು ಬಂದರು. ಕಬಿನಿಯಿಂದಲೂ ಕೆ.ಆರ್.ಎಸ್.ನಿಂದಲೂ ನೀರು ಬಿಟ್ಟಿದ್ದ ಕಾಲ. ಬ್ಲಫ್‌ನ ಕಡೆಯ ರಸ್ತೆಯಲ್ಲಿ ಕಾರುಗಳ ಸಾಲು, ಗಗನಚುಕ್ಕಿಯ ವೀಕ್ಷಣೆಯ ಕಟ್ಟೆಯ ಮೇಲೆ ಕಾಲಿಡಲು ಜಾಗವಿಲ್ಲ. ನನ್ನ ಹೆಗಲಲ್ಲಿ ಒಡವೆ ಅಂಗಡಿಯವರು ಕೊಟ್ಟ ಹಳದಿ ಬಟ್ಟೆಚೀಲ. ಅದರಲ್ಲಿ ಪಟ್ಟಿಯ ಫೈಲು, ಪಿಸ್ತೂಲು, ಮೇಲೆ ಹುರಿದ ಕಡಲೆಕಾಯಿಯ ಪೊಟ್ಟಣ. ಗಗನಚುಕ್ಕಿಯ ಕೋತಿಗಳಿಗೆ ಈ ಕೊನೆಯ ಐಟಂ ಎಲ್ಲಿದ್ದರೂ ಗೊತ್ತಾಗುತ್ತದೆ. ಬೀಗರಿಗೆ ಟಿಪ್ಪಣಿ ಸಮೇತ ಜಲಪಾತ ತೋರಿಸುತ್ತಿದ್ದೆ, ಹೆಗಲು ಹಗುರವಾಯಿತು.

ಗಡವ ಕೋತಿ. ಕಂಬಿಯ ಮೇಲೆ ಕೂತು ಚೀಲ ಬಿಚ್ಚಿತು. ಕಡಲೆಕಾಯಿಯನ್ನು ಕೆನ್ನೆಗೆ ತುಂಬಿಕೊಂಡಿತು. ಫೈಲು ತೆಗೆದು ಮೊದಲ ಹಾಳೆಯನ್ನು ಮೂಸಿ ಬಿಸಾಕಿತು, ಎರಡನೆಯದನ್ನು ಕಂಕುಳಲ್ಲಿ ಇಟ್ಟುಕೊಂಡಿತು. ಆಮೇಲೆ ಪಿಸ್ತೂಲು. ನನಗೆ ಹೊಟ್ಟೆಕಿಚ್ಚಾಗುವಷ್ಟು ಸರಾಗವಾಗಿ ಹಿಡಿಯಿತು. ಹಿಡಿಕೆ ಅದರ ಅಂಗೈಯಲ್ಲಿ ಚೆನ್ನಾಗಿ ಕೂತಿತ್ತು. ಬೀಗಿತ್ತಿಯ ಕಡೆಗೆ ತಿರುಗಿಸಿ ಕುದುರೆ ಎಳೆಯಿತು.

ಹುಡುಗ ಒಳಗೆ ಕೇಪು ಬಿಟ್ಟಿದ್ದ. ಟಪ್ ಎಂದಿತು, ಹೊಗೆ ಬಂತು.

ಆಮೇಲಿನದನ್ನು ಕ್ರಮವಾಗಿ ಹೇಳಲಾರೆ. ಜನ ಮೆಟ್ಟಿಲ ಕಡೆ ನುಗ್ಗಿದರು. ಹೆಚ್ಚು ಕಡಿಮೆ ಎಲ್ಲರೂ ಓಡುತ್ತಲೇ ವಿಡಿಯೊ ಮಾಡುತ್ತಿದ್ದರು. ಶಬ್ದಕ್ಕೆ ಕೋತಿಯೇ ಎಲ್ಲರಿಗಿಂತ ಹೆಚ್ಚು ಹೆದರಿ ಪಿಸ್ತೂಲನ್ನು ಎಸೆದು ಮರ ಹತ್ತಿತು. ಪಿಸ್ತೂಲು ಸೀದಾ ಹೋಂಗಾರ್ಡಿನ ಬೂಟಿನ ಬಳಿ ಬಿತ್ತು. ಜನರಿಗೆ ಧೈರ್ಯ ಹೇಳಬೇಕೆಂದು ನಾನು ಎರಡೂ ಕೈ ಎತ್ತಿ ಕೂಗಿದೆ:

“ಹೆದರ್ಬೇಡಿ! ಅದು ನಂದೇ! ಲೈಸೆನ್ಸ್‌ಗೆ ಅರ್ಜಿ ಹಾಕಿದೀನಿ!”

ಠಾಣೆಯಲ್ಲಿ ದಫೇದಾರರು ಪಿಸ್ತೂಲಿನ ಹಿಡಿಕೆ ಬಿಚ್ಚಿದರು. ನಟ್ಟುಬೋಲ್ಟು ಮೇಜಿನ ಮೇಲೆ ಉರುಳಿದವು. ಯಾರೂ ಬೈಯಲಿಲ್ಲ, ಅದೇ ಹೆಚ್ಚು ಅವಮಾನ. ರೈಟರು ಟೀ ತರಿಸಿ, ನನ್ನ ಮೊದಲ ಹಾಳೆಯನ್ನು ಆಸಕ್ತಿಯಿಂದ ಓದಿ, “ಸಾರ್, ನಮ್ ಬಾವ ಒಬ್ರು ತಗೋಬೇಕು ಅಂತಾವ್ರೆ. ಇಶಾಪುರ್ದು ತಗಳದಾ, ಕಾಸಿಪುರ್ದಾ?” ಎಂದರು. ಆಸಾಮಿ ಸಿಕ್ಕನಲ್ಲ ಎಂದು ಟೀ ಆರುವಷ್ಟು ಹೊತ್ತು ಉಪನ್ಯಾಸ ಕೊಟ್ಟೆ. ಅವರು ತಲೆಯಾಡಿಸುತ್ತ ಏನೋ ಬರೆಯುತ್ತಿದ್ದರು. ನನ್ನ ಮಾತನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆಂದುಕೊಂಡಿದ್ದೆ. ಬರೆಯುತ್ತಿದ್ದದ್ದು ನನ್ನ ಅರ್ಜಿಯ ಪರಿಶೀಲನಾ ವರದಿ.

ಲೈಸೆನ್ಸು ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕೆಂದು ಕಾಯ್ದೆ ಹೇಳುತ್ತದೆ. ದಾಖಲಿಸಿದ್ದರು. ‘ಅರ್ಜಿದಾರರು ತಮ್ಮ ವಶದಲ್ಲಿದ್ದ ಆಟಿಕೆ ಪಿಸ್ತೂಲನ್ನು ಕೋತಿಯಿಂದ ರಕ್ಷಿಸಿಕೊಳ್ಳಲು ಅಸಮರ್ಥರಾಗಿದ್ದು, ನೈಜ ಆಯುಧದ ಭದ್ರತೆ ಬಗ್ಗೆ ಖಾತ್ರಿ ಇರುವುದಿಲ್ಲ.’ ಗುಮಾಸ್ತನಾಗಿ ಹೇಳುತ್ತೇನೆ, ಒಂದಕ್ಷರ ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. ಮೇಲ್ಮನವಿಗೆ ಅವಕಾಶವಿತ್ತು. ಇನ್ನೂ ಮೇಲಿನ ಅಧಿಕಾರಿಗಳ ಮುಂದೆ ಆ ವಾಕ್ಯವನ್ನು ನಾನೇ ಓದಿ ಹೇಳಬೇಕಾಗುತ್ತದಲ್ಲ ಎಂದು ಬಿಟ್ಟುಬಿಟ್ಟೆ.

ಅದೇ ಪೌಚಿನ ಯಜಮಾನರು ಆಮೇಲೊಂದು ಮದುವೆಯಲ್ಲಿ ಪಕ್ಕದಲ್ಲೇ ಸಿಕ್ಕಿದರು. ಚುನಾವಣೆಯ ನೀತಿಸಂಹಿತೆ ಜಾರಿಯಲ್ಲಿತ್ತು. ಅವರದು ಯಾವ ಕಂಪನಿಯದೆಂದು ಮೆಲ್ಲಗೆ ಕೇಳಿದೆ.

“ಕಂಪ್ನಿ ಮನೆ ಹಾಳಾಗ್ಲಿ. ಎಂ.ಪಿ. ಎಲೆಕ್ಷನ್ ಬಂದ್ರೂ ಠಾಣೇಗ್ ಕೊಡು, ಎಮ್ಮೆಲ್ಲೆ ಬಂದ್ರೂ ಕೊಡು, ಪಂಚಾಯ್ತಿ ಬಂದ್ರೂ ಕೊಡು. ಅದು ನಮ್ಮನೇಲಿರೋದೇ ಕಮ್ಮಿ ಕಣಪ್ಪ.” ಜುಬ್ಬ ಸರಿಸಿ ಪೌಚಿನ ಗುಂಡಿ ಬಿಚ್ಚಿದರು. ಒಳಗೆ ಸಕ್ಕರೆ ಕಾಯಿಲೆಯ ಮಾತ್ರೆ, ಒಂದು ಸಣ್ಣ ಬಾಚಣಿಗೆ. ಒಬ್ಬಟ್ಟು ಮಾತ್ರ ಅವರ ಎಲೆಗೆ ಎರಡೇ ಬಿತ್ತು.

ಪಟ್ಟಿಯ ಎರಡನೆಯ ಹಾಳೆ ಇನ್ನೂ ಗಗನಚುಕ್ಕಿಯ ಯಾವುದೋ ಮರದ ಮೇಲಿದೆ, ಆದ್ದರಿಂದ ಅಂತಿಮ ಅಂಕಗಳನ್ನು ಇಲ್ಲಿ ಕೊಡಲಾಗುತ್ತಿಲ್ಲ. ಲೈಸೆನ್ಸ್ ಇದ್ದು, ಹೊಸದನ್ನೇ ಕೊಳ್ಳುವವರಿದ್ದರೆ ಇಶಾಪುರವೋ ಕಾಸಿಪುರವೋ ಎಂದು ನಿದ್ದೆಗೆಡಬೇಡಿ. ಅಂಗಡಿಯಲ್ಲಿ ಎರಡನ್ನೂ ಕೈಗೆ ತೆಗೆದುಕೊಂಡು, ಯಾವುದರ ಸ್ಲೈಡು ಪಂಚೆ ಎತ್ತಿ ಕಟ್ಟದೆ ಎಳೆಯಲು ಬರುತ್ತದೋ ಅದನ್ನು ಕೊಳ್ಳಿ. ಎರಡೂ ಬಾರದಿದ್ದರೆ ರಿವಾಲ್ವರ್ ಕೇಳಿ. ಹೆಬ್ಬೆರಳು ಹಿಂದೆ ಇಡಬೇಡಿ.